ಏರಲ್ಲಿ ಆಫ್ ಆಗ್ತಿದ್ದ ಜಿಪ್ಸಿ

ನಮ್ಮ ಕಾಫಿ ತೋಟದಲ್ಲಿ ಕಣದಿಂದ ಮೇಲಿನ ಕೆಲಸದೋರ ಲೈನ್ ಮನೆಗಳಿಗೆ ಹೋಗೋ ದಾರಿ ಇದ್ಯಲ್ಲ, ಆಲ್ದೂರು ಕಡೆ ತೋಟ ನೋಡಿದವರಿಗೆ ಗೊತ್ತಿರುತ್ತೆ ಅದು ಯಾವ ಥರದ ದಾರಿ ಅಂತ. ಒಂದು ಕಡೆ ಸಿಲ್ವರ್ ಓಕ್ ಸಾಲು, ಇನ್ನೊಂದು ಕಡೆ ಚರಂಡಿ, ಮಧ್ಯ ಹಾಸಿದ್ದ ಕಲ್ಲೆಲ್ಲ ಮಳೆಗೆ ಕಿತ್ತು ಹೋಗಿ ಬರೀ ಉಂಡೆ ಕಲ್ಲು. ಅಲ್ಲಿ ಎರಡನೇ ತಿರುವು ದಾಟಿ ಗಾಡಿ ಮೂತಿ ಮೇಲೆತ್ತಿದ ತಕ್ಷಣ ಇಂಜಿನ್ ಗುಡುಗುಡು ಅಂದು ಆಫ್, ಜೊತೆಗೆ ಮೂಗಿಗೆ ಬಡಿಯೋ ಪೆಟ್ರೋಲ್ ವಾಸನೆ. ಹತ್ತು ನಿಮಿಷ ಕಾದು ಎಕ್ಸಲೇಟರ್ ಪೂರ್ತಿ ಒತ್ತಿ ಹಿಡ್ಕೊಂಡು ಸೆಲ್ಫ್ ಹೊಡೆದ್ರೆ ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆಗೋದು, ನಾಲ್ಕು ಮಾರು ಹೋಗಿ ಮತ್ತೆ ಆಫ್. ಕೊಯ್ಲಿನ ಟೈಮು, ಹಿಂದೆ ಕೂತಿದ್ದ ಹೆಂಗಸರು "ಅಕ್ಕಾ, ನಾವ್ ನಡ್ಕೊಂಡೇ ಹೋಗ್ತೀವಿ ಬಿಡಿ" ಅಂತ ಬುಟ್ಟಿ ಎತ್ಕೊಂಡು ಇಳಿದು ಹೋದ್ರು. ನಂಗೆ ಅವತ್ತು ತುಂಬಾ ಬೇಜಾರಾಯ್ತು, ಯಾಕಂದ್ರೆ ಇದೇ ಗಾಡಿಲಿ ಅಪ್ಪ ಇದೇ ಏರನ್ನ ಇಪ್ಪತ್ತು ವರ್ಷ ಹತ್ತಿಸಿದ್ದಾರೆ, ಒಂದು ದಿನ ನಿಲ್ಲಿಸಿದ್ದು ನಂಗೆ ನೆನಪಿಲ್ಲ.

ನಮ್ದು 1993ರ ಎಂಜಿ410 ಮಾಡೆಲ್ ಜಿಪ್ಸಿ. ಮಾರುತಿ ಜಿಪ್ಸಿ 1985ರಲ್ಲಿ ಬಂದಾಗ ಇದ್ದ ಅದೇ 970 ಸಿಸಿ ನಾಲ್ಕು ಸಿಲಿಂಡರ್ ಇಂಜಿನ್ನು, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕಳ್ಸೋದು, ನಾವು ಕಾರ್ಬ್ ಅಂತೀವಿ) ಗಾಡಿ. 1996ರಲ್ಲಿ 1298 ಸಿಸಿ ಇಂಜಿನ್ನಿನ ಜಿಪ್ಸಿ ಕಿಂಗ್ ಬಂತು, ಅದೂ ಮೊದಲು ಕಾರ್ಬೇ, 2000ದಲ್ಲಿ ಕಾರ್ಬ್ ಇಲ್ಲದ ಇಂಜೆಕ್ಷನ್ ಗಾಡಿ, ಅಂದ್ರೆ ಎಂಪಿಎಫ್‌ಐ ಆಯ್ತು. ಆಮೇಲಿನ ಗಾಡಿ ಇಟ್ಕೊಂಡಿರೋರಿಗೆ ನಾನು ಇಲ್ಲಿ ಬರೆಯೋದು ಅಷ್ಟು ಉಪಯೋಗಕ್ಕೆ ಬರಲ್ಲ. ಆದ್ರೆ ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ತೋಟಗಳಲ್ಲಿ ಇನ್ನೂ ಎಷ್ಟೋ ಹಳೇ ಪೆಟ್ರೋಲ್ ಜಿಪ್ಸಿ, ಜೀಪು ಶೆಡ್ಡಲ್ಲಿ ನಿಂತಿವೆ, ಅದ್ರಲ್ಲಿ ಅರ್ಧ "ಕಾರ್ಬ್ ಸರಿ ಇಲ್ಲ" ಅನ್ನೋ ಒಂದೇ ಮಾತಿಗೆ ನಿಂತಿರೋದು, ಅದಕ್ಕೇ ಬರೀತಿದೀನಿ.

ಮೊದಲು ಆಗಿದ್ದು ಏನು ಅಂದ್ರೆ ಗಾಡಿ ನೋಡಿದೋರೆಲ್ಲ ಸ್ಕ್ರೂಡ್ರೈವರ್ ತಗೊಂಡು ಸೀದಾ ಕಾರ್ಬಿನ ಮಿಕ್ಸ್ಚರ್ ಸ್ಕ್ರೂಗೇ (ಗಾಳಿಗೆ ಪೆಟ್ರೋಲ್ ಎಷ್ಟು ಸೇರ್ಬೇಕು ಅಂತ ಹಿಡಿಯೋ ಸ್ಕ್ರೂ) ಕೈ ಹಾಕೋರು. ಒಬ್ರು ಅರ್ಧ ಸುತ್ತು ಒಳಗೆ, ಇನ್ನೊಬ್ರು ಒಂದು ಸುತ್ತು ಹೊರಗೆ, ಮತ್ತೊಬ್ರು ಸ್ಲೋ, ಅಂದ್ರೆ ಗಾಡಿ ಸುಮ್ನೆ ನಿಂತಾಗಿನ ಇಂಜಿನ್ ಓಟ (ಐಡ್ಲಿಂಗ್), ಜಾಸ್ತಿ ಮಾಡಿ "ಈಗ ಆಫ್ ಆಗಲ್ಲ ನೋಡಿ" ಅಂತ ಕಳ್ಸೋರು, ಟೌನಲ್ಲಿ ಆಫ್ ಆಗ್ತಿರ್ಲಿಲ್ಲ, ಏರಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಒಂದು ಗ್ಯಾರೇಜಲ್ಲಿ ಇಂಜಿನ್ ಗಾಳಿ ಎಳೆಯೋ ಬಲ ಅಳೆಯೋ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದ್ರು. ಮುಳ್ಳು 14 ಇಂಚಿನ (ಪಾದರಸದ ಲೆಕ್ಕ) ಹತ್ರ ಅಲ್ಲಾಡ್ತಿತ್ತು. "ಪುಸ್ತಕದ ಪ್ರಕಾರ 18ರಿಂದ 20 ಇರ್ಬೇಕು ಮೇಡಂ, ಪಿಸ್ಟನ್ ರಿಂಗ್ಸ್ ಸವೆದು ಹೋಗಿದೆ, ಇಂಜಿನ್ ಬಿಚ್ಬೇಕು" ಅಂದ್ರು. ನಲವತ್ತೈದು ಸಾವಿರದ ಎಸ್ಟಿಮೇಟು. ನಾನು ಗಾಡಿ ವಾಪಸ್ ತಂದು ಶೆಡ್ಡಲ್ಲಿ ನಿಲ್ಲಿಸ್ದೆ, ಎರಡು ವಾರ ಮುಟ್ಟಲೇ ಇಲ್ಲ.

ಆಮೇಲೆ ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡ್ತಿದ್ದ ಸಾಬ್ರ ಹತ್ರ ಹೋದೆ. ವಯಸ್ಸಾಗಿದೆ, ಈಗ ಗ್ಯಾರೇಜು ಮಗ ನೋಡ್ಕೋತಾನೆ, ಇವರು ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ಗೇಜ್ ವಿಷಯ ಹೇಳಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಮ್ಮಾ, ಆ ಪುಸ್ತಕ ಬರೆದೋನು ಎಲ್ಲಿ ಕೂತು ಬರ್ದಾ? ಮಂಗ್ಳೂರಲ್ಲೋ ಚಿಕ್ಕಮಗ್ಳೂರಲ್ಲೋ?"

ಈ ಒಂದು ಮಾತಲ್ಲೇ ಅರ್ಧ ವಿಷಯ ಇತ್ತು. ಪುಸ್ತಕದಲ್ಲಿರೋ ವ್ಯಾಕ್ಯೂಮ್ ರೀಡಿಂಗು ಸಮುದ್ರ ಮಟ್ಟದ್ದು. ಪ್ರತೀ ಸಾವಿರ ಅಡಿ ಮೇಲೆ ಹೋದ ಹಾಗೆ ಸುಮಾರು ಒಂದು ಇಂಚು ಕಮ್ಮಿ ಓದುತ್ತೆ, ಗಾಳಿಯ ಒತ್ತಡವೇ ಕಮ್ಮಿ ಇರೋದ್ರಿಂದ. ಚಿಕ್ಕಮಗಳೂರು ಪೇಟೆ ಇರೋದು 1,090 ಮೀಟರ್ ಆಸುಪಾಸಲ್ಲಿ, ಅಂದ್ರೆ ಮೂರೂವರೆ ಸಾವಿರ ಅಡಿ. ಹಾಗಾದ್ರೆ 18 ಇರಬೇಕಾದ ಒಳ್ಳೇ ಇಂಜಿನ್ನು ನಮ್ಮೂರಲ್ಲಿ 14, 15 ತೋರಿಸಿದ್ರೆ ಅದು ಕಾಯಿಲೆ ಅಲ್ಲ. ಮುಳ್ಳು ಎಷ್ಟು ತೋರಿಸುತ್ತೆ ಅನ್ನೋದಕ್ಕಿಂತ ಹೆಂಗೆ ಅಲ್ಲಾಡುತ್ತೆ ಅನ್ನೋದನ್ನ ನೋಡ್ಬೇಕು ಅಂದ್ರು ಸಾಬ್ರು. ಲಯದಲ್ಲಿ ಟಕ್ ಟಕ್ ಅಂತ ಕೆಳಗೆ ಬೀಳ್ತಿದ್ರೆ ಒಂದು ವಾಲ್ವು ಸರಿ ಕೂರ್ತಿಲ್ಲ ಅಂತ ಅನುಮಾನ ಪಡ್ಬೇಕು, ಮೆಲ್ಲಗೆ ತೇಲಾಡ್ತಿದ್ರೆ ಮಿಕ್ಸ್ಚರ್ ಸರಿ ಇಲ್ಲ ಅಂತ. ನಮ್ದು ತೇಲಾಡ್ತಿತ್ತು. ಸಾಬ್ರ ಮಗ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಒತ್ತೋ ಬಲ, ನೋಡಿದ, ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಇತ್ತು. ಇಂಜಿನ್ ಬಿಚ್ಚೋ ಮಾತು ಅಲ್ಲಿಗೇ ಮುಗೀತು.

ಎತ್ತರಕ್ಕೂ ಕಾರ್ಬಿಗೂ ಇರೋ ಸಂಬಂಧ ಇಷ್ಟೇ. ಕಾರ್ಬಿನ ಜೆಟ್ಟು ಒಂದು ಅಳತೆ ತೂತು, ಗಾಳಿ ತೆಳ್ಳಗಾಯ್ತು ಅಂತ ಅದಕ್ಕೆ ಗೊತ್ತಾಗಲ್ಲ, ಅದು ಪೆಟ್ರೋಲನ್ನ ಹೆಚ್ಚುಕಮ್ಮಿ ಮೊದಲಿನಷ್ಟೇ ಬಿಡ್ತಾ ಹೋಗುತ್ತೆ, ಆದ್ರೆ ಒಳಗೆ ಹೋಗೋ ಗಾಳಿಯ ತೂಕ ಕಮ್ಮಿ ಆಗಿರುತ್ತೆ. ಹಾಗಾಗಿ ಮೇಲೆ ಹತ್ತಿದ ಹಾಗೆ ಮಿಕ್ಸ್ಚರ್ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ, ಆಗ್ತಾ ಹೋಗುತ್ತೆ. ಪೇಟೆ ಮಟ್ಟಕ್ಕೆ ಬರೋ ಹೊತ್ತಿಗೆ ಕರಾವಳಿಗಿಂತ ಸುಮಾರು ನೂರಕ್ಕೆ ಐದರಷ್ಟು ರಿಚ್, ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿದ್ರೆ, ಅದು 1,930 ಮೀಟರ್ ಅಲ್ವಾ, ನೂರಕ್ಕೆ ಒಂಬತ್ತು ಹತ್ತು. ಸರಿ ಇರೋ ಕಾರ್ಬು ಇಷ್ಟನ್ನ ತಡ್ಕೊಳ್ಳುತ್ತೆ, ಪಿಕಪ್ ಸ್ವಲ್ಪ ಮಂಕಾಗುತ್ತೆ ಅಷ್ಟೇ. ಮೊದಲೇ ಪೆಟ್ರೋಲ್ ಜಾಸ್ತಿ ಕುಡೀತಿರೋ ಕಾರ್ಬಿಗೆ ಮಾತ್ರ ಅದು ಭಾರವಾಗುತ್ತೆ.

ಇನ್ನು ಸಾಬ್ರು ಹೇಳಿಕೊಟ್ಟ ಒಂದು ಪರೀಕ್ಷೆ ಇದೆ, ಇದನ್ನ ಹಳೇ ಗಾಡಿ ಇಟ್ಕೊಂಡಿರೋರು ಎಲ್ಲರೂ ತಿಳ್ಕೊಂಡಿರ್ಬೇಕು ಅಂತ ನನ್ನ ಆಸೆ. ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ, ಚೋಕ್ ಪೂರ್ತಿ ಒಳಗೆ ತಳ್ಳಿ (ಅಂದ್ರೆ ಆಫ್ ಮಾಡಿ), ಐಡ್ಲಿಂಗಲ್ಲಿ ಬಿಟ್ಟು ಮಿಕ್ಸ್ಚರ್ ಸ್ಕ್ರೂನ ಮೆಲ್ಲಗೆ ಒಳಗೆ ತಿರುಗಿಸ್ತಾ ಹೋಗಿ. ಪೂರ್ತಿ ಒಳಗೆ ಹೋಗೋದ್ರೊಳಗೆ ಇಂಜಿನ್ ತಡವರಿಸಿ ಆಫ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಪೆಟ್ರೋಲು ಬೇರೆ ಎಲ್ಲಿಂದನೋ ಬರ್ತಿದೆ ಅಂತ ಅರ್ಥ, ಆಗ ಆ ಸ್ಕ್ರೂನ ದಿನವಿಡೀ ತಿರುಗಿಸ್ತಾ ಕೂತ್ರೂ ಟ್ಯೂನಿಂಗ್ ಆಗಲ್ಲ. ನಮ್ದು ಆಫ್ ಆಗ್ಲಿಲ್ಲ. ಸ್ಕ್ರೂ ತಳ ಮುಟ್ಟಿತ್ತು, ಇಂಜಿನ್ ಅದರ ಪಾಡಿಗೆ ಓಡ್ತಾನೇ ಇತ್ತು.

ಒಂದು ಕಾರಣ ತಕ್ಷಣ ಗೊತ್ತಾಯ್ತು, ಸ್ಲೋ ಸ್ಕ್ರೂನ ಯಾರೋ ಎಷ್ಟು ಜಾಸ್ತಿ ಮಾಡಿದ್ರು ಅಂದ್ರೆ ಗಾಳಿ ದಾರಿ ಮುಚ್ಚೋ ಥ್ರಾಟಲ್ ಪ್ಲೇಟು ಐಡ್ಲಿಂಗಲ್ಲೇ ತೆರ್ಕೊಂಡು, ಓಟಕ್ಕೆ ಅಂತ ಇರೋ ತೂತುಗಳಿಂದ್ಲೂ ಪೆಟ್ರೋಲ್ ಎಳೀತಿತ್ತು. ಅದನ್ನ ಇಳಿಸಿ ನೋಡಿದ್ರೂ ಪೂರ್ತಿ ಸರಿ ಆಗ್ಲಿಲ್ಲ. "ಬಾಕಿ ಫ್ಲೋಟಲ್ಲಿದೆ, ಮನೇಲಿ ನೀನೇ ಬಿಚ್ಚು, ಬಿಚ್ಚೋದ್ರಲ್ಲೇನಿದೆ" ಅಂದ್ರು ಸಾಬ್ರು. ಫ್ಲೋಟ್ ಅಂದ್ರೆ ಕಾರ್ಬಿನ ಪೆಟ್ರೋಲ್ ಬೌಲಲ್ಲಿ ತೇಲ್ತಾ ಮಟ್ಟ ಕಾಯೋ ತುಂಡು. ಅದಕ್ಕೆ ಮೊದಲು ಉಳಿದಿದ್ದೆಲ್ಲ ಮುಗಿಸು ಅಂದಿದ್ರು, ಅದನ್ನೂ ಮಾಡ್ದೆ. ಟ್ಯಾಪೆಟ್ ಸೆಟ್ಟಿಂಗು, ಪ್ಲಗ್ ಗ್ಯಾಪು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಒರೆಸೋದು, ಟೈಮಿಂಗು, ಏರ್ ಫಿಲ್ಟರು. ಕಾರ್ಬಿನ ಬುಡದ ಪ್ಯಾಕಿಂಗಲ್ಲಿ ಗಾಳಿ ಲೀಕ್ ಇದ್ಯಾ ಅಂತ ನೋಡೋಕೆ ಕಾರ್ಬ್ ಕ್ಲೀನರ್ ಸ್ಪ್ರೇನ ಸುತ್ತ ಸ್ವಲ್ಪ ಸ್ವಲ್ಪ ಹೊಡೀತಾರೆ, ಇಂಜಿನ್ ಸದ್ದು ಬದಲಾದ್ರೆ ಅಲ್ಲಿ ಲೀಕಿದೆ ಅಂತ. ಬಿಸಿ ಇಂಜಿನ್ ಮೇಲೆ ಇದನ್ನ ಮಾಡುವಾಗ ದಯವಿಟ್ಟು ಹುಷಾರು, ಸೈಲೆನ್ಸರ್ ಕಡೆಗೆ ಹೊಡೀಬೇಡಿ. ನಮ್ದರಲ್ಲಿ ಲೀಕ್ ಇರ್ಲಿಲ್ಲ.

ಭಾನುವಾರ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡ್ದೆ, ಬ್ಯಾಟರಿ ವೈರ್ ತೆಗೆದು, ಶೆಡ್ಡಿನ ಬಾಗಿಲು ಎರಡೂ ತೆಗೆದಿಟ್ಟು, ಬೀಡಿ ಸೇದೋ, ನಮ್ಮ ತೋಟದ ಲೆಕ್ಕ ಬರೆಯೋ ರೈಟರನ್ನ ದೂರ ಕಳ್ಸಿ. ಪ್ರತೀ ಪೈಪ್ ತೆಗೆಯೋ ಮುಂಚೆ ಮೊಬೈಲಲ್ಲಿ ಫೋಟೊ. ಆ ವ್ಯಾಕ್ಯೂಮ್ ಪೈಪುಗಳು ನೋಡೋಕೆ ಎಲ್ಲಾ ಒಂದೇ ಥರ, ಒಂದು ಅದಲು ಬದಲಾದ್ರೂ ಆಮೇಲೆ ಇಡೀ ದಿನ ಹುಡುಕ್ಬೇಕು. ಕೆಳಗೆ ಹಳೇ ಸ್ಟೀಲ್ ಪರಾತ ಇಟ್ಕೊಂಡೆ, ಕಾರ್ಬಿನ ಸಣ್ಣ ಕ್ಲಿಪ್ಪುಗಳು ಕೆಳಗೆ ಬಿದ್ರೆ ಶೆಡ್ಡಿನ ಮಣ್ಣಲ್ಲಿ ಸಿಗೋ ಮಾತೇ ಇಲ್ಲ.

ಮೇಲಿನ ಮುಚ್ಚಳ ಎತ್ತಿದಾಗ ಬೌಲಿನ ತಳದಲ್ಲಿ ಕಂಡಿದ್ದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೆಟ್ರೋಲ್ ಕೆಳಗೆ ಒಂದು ನೀರಿನ ಹನಿ, ಸಾಬೂದಾಣಿ ಕಾಳಿನಷ್ಟು, ಬೌಲ್ ವಾಲಿಸಿದ್ರೆ ಪಾದರಸದ ಥರ ಉರುಳಾಡೋದು. ಗೋಡೆಗೆಲ್ಲ ಸುಣ್ಣದಂಥ ಬಿಳೀ ಪುಡಿ. ನಮ್ಮ ಕಡೆ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತಿರುತ್ತೆ, ಈಗಿನ ಪೆಟ್ರೋಲಲ್ಲಿ ಇರೋ ಎಥನಾಲ್ ತೇವ ಎಳ್ಕೊಳ್ಳುತ್ತೆ, ಆ ತೇವ ಕಾರ್ಬಿನ ಲೋಹವನ್ನ ತಿನ್ನುತ್ತೆ, ಅದೇ ಈ ಪುಡಿ.

ಬೌಲಿಗೆ ಪೆಟ್ರೋಲ್ ಬಿಡೋ, ನಿಲ್ಲಿಸೋ ನೀಡಲ್ ವಾಲ್ವ್ ತೆಗೆದು ಬೆಳಕಿಗೆ ಹಿಡಿದೆ. ಚೂಪಾಗಿ ನುಣ್ಣಗಿರ್ಬೇಕಾದ ತುದೀಲಿ ಸುತ್ತ ಒಂದು ಉಂಗುರ ಬಿದ್ದಿತ್ತು. ಕಣ್ಣಿಗೆ ಅಷ್ಟು ಕಾಣಲ್ಲ, ಉಗುರು ಎಳೆದ್ರೆ ಟಕ್ಕಂತ ಸಿಕ್ಕಿ ಹಾಕ್ಕೊಳ್ಳುತ್ತೆ. ಮೂವತ್ತು ವರ್ಷ ಪಂಪಿನ ಒತ್ತಡಕ್ಕೆ, ಅದು ಕೂರೋ ಸೀಟಿಗೆ ಬಡಿದು ಬಡಿದು ಆದ ಸವೆತ. ಮುಚ್ಚಳ ತಲೆಕೆಳಗು ಮಾಡಿ, ಫ್ಲೋಟ್ ತನ್ನ ಭಾರಕ್ಕೇ ನೀಡಲ್ ಮೇಲೆ ಕೂತಿರುವಾಗ ಪೆಟ್ರೋಲ್ ಬರೋ ನಳಿಗೆಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಯಲ್ಲಿ ಊದಿದೆ, ಪೂರ್ತಿ ಬಂದ್ ಆಗ್ಬೇಕು, ಆದ್ರೆ ಗಾಳಿ ಉಸ್ ಅಂತ ಹೋಗ್ತಾನೇ ಇತ್ತು. ಅಲ್ಲಿಗೆ ಕಳ್ಳ ಸಿಕ್ಕಿದ ಹಾಗಾಯ್ತು.

ಏರಲ್ಲೇ ಯಾಕೆ ಆಫ್ ಆಗ್ತಿತ್ತು ಅನ್ನೋದೂ ಇಲ್ಲೇ ಇದೆ. ನೀಡಲ್ ಸರಿಯಾಗಿ ಮುಚ್ಚದೆ ಬೌಲಲ್ಲಿ ಪೆಟ್ರೋಲ್ ಮಟ್ಟ ಮೊದಲೇ ಜಾಸ್ತಿ. ಸಮ ರಸ್ತೆಲಿ ಅದು ಹೆಂಗೋ ನಡ್ಯುತ್ತೆ. ಮೂತಿ ಮೇಲೆತ್ತಿದಾಗ ಬೌಲಿನ ಪೆಟ್ರೋಲೆಲ್ಲ ಒಂದು ಕಡೆ ವಾಲಿ ಇಂಜಿನ್ನಿಗೆ ಪೆಟ್ರೋಲ್ ಬಿಡೋ ನಾಜಲ್ ಬಾಯಿವರೆಗೂ ಬಂದು ತಾನಾಗೇ ಒಳಗೆ ಸುರಿಯುತ್ತೆ. ಮೇಲಿಂದ ಕಲ್ಲು ದಾರಿ, ಫ್ಲೋಟು ಕುಣೀತಿರುತ್ತೆ, ಕುಣಿದಾಗೆಲ್ಲ ಸವೆದ ನೀಡಲ್ ಇನ್ನಷ್ಟು ಪೆಟ್ರೋಲ್ ಬಿಡುತ್ತೆ. ಪೇಟೆ ರಸ್ತೆಲಿ ಎಷ್ಟು ಸಲ ಟೆಸ್ಟ್ ಡ್ರೈವ್ ಹೊಡೆದ್ರೂ ಇದು ಯಾರಿಗೂ ಸಿಗದೆ ಇದ್ದದ್ದು ಇದಕ್ಕೇ.

ರಿಪೇರಿ ಕಿಟ್ಟು ಬೆಂಗಳೂರು ಜೆ.ಸಿ. ರಸ್ತೆಯಿಂದ ತಮ್ಮ ತಂದ, ಚಿಕ್ಕಪ್ಪನ ಮಗ, ಅಲ್ಲೇ ಕೆಲಸದಲ್ಲಿದಾನೆ. ನೀಡಲ್ಲೂ ಸೀಟೂ ಜೊತೆಯಾಗೇ ಹಾಕ್ಬೇಕು, ಹಳೇ ಸೀಟಿಗೆ ಹೊಸ ನೀಡಲ್ ಹಾಕಿದ್ರೆ ಆರು ತಿಂಗಳಲ್ಲಿ ಮತ್ತೆ ಅದೇ ಹಾಡು. ಜೆಟ್ಟುಗಳನ್ನ ಬಿಚ್ಚಿ ಕ್ಲೀನರ್ ಹೊಡೆದು ಗಾಳಿ ಊದಿದೆ ಅಷ್ಟೇ. ಕಬ್ಬಿಣದ ತಂತಿ, ಪಿನ್ನು ಯಾವುದನ್ನೂ ಜೆಟ್ಟಿನ ತೂತಿಗೆ ತೂರಿಸ್ಬೇಡಿ, ಅದು ಹಿತ್ತಾಳೆ, ಒಂದು ಗೀರು ಬಿದ್ರೂ ಅಳತೆ ಹೋಯ್ತು, ಆಮೇಲೆ ಯಾವ ಸಾಬ್ರೂ ಸರಿ ಮಾಡೋಕಾಗಲ್ಲ.

ಫ್ಲೋಟ್ ಲೆವೆಲ್ ಸೆಟ್ ಮಾಡೋಕೆ ಫ್ಲೋಟಿನ ಹಿಂದೆ ಒಂದು ಪುಟ್ಟ ನಾಲಿಗೆ ಥರದ ತಗಡು ಇರುತ್ತೆ, ಅದನ್ನ ಮೂಗಿನ ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸ್ಬೇಕು. ಫ್ಲೋಟನ್ನೇ ಒತ್ತಿ ಬಗ್ಗಿಸೋದಲ್ಲ, ಹಂಗೆ ಒತ್ತಿದ್ರೆ ಹೊಸ ನೀಡಲ್ ತುದಿ ಅಲ್ಲೇ ಹಾಳು. ನಮ್ಮ ಕಾರ್ಬಿನ ಬೌಲಿಗೆ ಒಂದು ಸಣ್ಣ ದುಂಡು ಗಾಜಿದೆ, ಅದರಲ್ಲಿ ಪೆಟ್ರೋಲಿನ ಗೆರೆ ನಡುವಿನ ಗುರುತಿಗೆ ಬರ್ಬೇಕು. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹಾಕ್ದೆ. ಐದನೇ ಸಲ ಸ್ಟಾರ್ಟ್ ಮಾಡಿ ಟಾರ್ಚ್ ಹಿಡಿದು ನೋಡ್ದಾಗ ಗೆರೆ ಸರಿಯಾಗಿ ಗುರುತಿನ ಮೇಲೆ ಬಂದು ನಿಂತಿತ್ತು, ಇಂಜಿನ್ ನಡುಕಕ್ಕೆ ಸಣ್ಣಗೆ ಅದುರ್ತಾ. ಅದನ್ನ ನೋಡ್ತಾ ತುಂಬಾ ಹೊತ್ತು ಹಂಗೇ ಬಗ್ಗಿ ನಿಂತಿದ್ದೆ.

ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕಿದ್ದು ಇಷ್ಟೆಲ್ಲ ಆದ್ಮೇಲೆ. ಒಳಗೆ ತಿರುಗಿಸಿ ತಳ ಮುಟ್ಟಿದ್ದು ಬೆರಳಿಗೆ ಗೊತ್ತಾದ ಕೂಡ್ಲೆ ನಿಲ್ಲಿಸ್ಬೇಕು, ಬಿಗಿ ಮಾಡ್ಬಾರ್ದು, ಅಲ್ಲಿಂದ ಎರಡು ಸುತ್ತು ಹೊರಗೆ. ಇಂಜಿನ್ ಬಿಸಿ ಆದ್ಮೇಲೆ ಗೇಜ್ ನೋಡ್ತಾ ಕಾಲು ಕಾಲು ಸುತ್ತು ತಿರುಗಿಸೋದು, ಪ್ರತೀ ಸಲ ತಿರುಗಿಸಿ ಹತ್ತು ಹದಿನೈದು ಸೆಕೆಂಡ್ ಕಾಯೋದು, ಇಂಜಿನ್ನಿಗೆ ಅದು ತಲುಪೋಕೆ ಅಷ್ಟು ಹೊತ್ತು ಬೇಕು. ಮುಳ್ಳು ಎಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತೋ ಅದು ಜಾಗ. ಆಗ ಆರ್‌ಪಿಎಂ ಏರಿರುತ್ತೆ, ಸ್ಲೋ ಸ್ಕ್ರೂ ಇಳಿಸಿ 850ರ ಹತ್ರ ತರ್ಬೇಕು, ಅದನ್ನ ಇಳಿಸಿದ್ರೆ ಮಿಕ್ಸ್ಚರ್ ಸ್ವಲ್ಪ ಕದಲುತ್ತೆ, ಮತ್ತೆ ಅದನ್ನ ನೋಡ್ಬೇಕು. ಮೂರು ಸಲ ಹೀಗೆ ಮಾಡಿ ಎರಡೂ ಕಾಲು ಸುತ್ತಿಗೆ ಬಂದು ನಿಂತೆ. ಮುಳ್ಳು 16, ಅಲ್ಲಾಟ ಇಲ್ಲ. ಅದೇ ಇಂಜಿನ್ನು, ರಿಂಗ್ಸ್ ಹೋಗಿದೆ ಅಂದಿದ್ದು. ಈ ಸ್ಕ್ರೂ ಐಡ್ಲಿಂಗಿಗೂ ಎಕ್ಸಲೇಟರ್ ಸ್ವಲ್ಪ ಒತ್ತಿದಾಗಿನ ಓಟಕ್ಕೂ ಮಾತ್ರ. ಜೋರು ಓಟದ ಪೆಟ್ರೋಲು ಮೇನ್ ಜೆಟ್ಟಿಂದ ಬರುತ್ತೆ, ಆದ್ರಿಂದ ಮೈಲೇಜ್ ಕಮ್ಮಿ ಅಂತ ಈ ಸ್ಕ್ರೂ ಒಳಗೆ ತಿರುಗಿಸೋರು ದಯವಿಟ್ಟು ನಿಲ್ಲಿಸಿ, ಸಿಗ್ನಲ್ಲಲ್ಲಿ ಗಾಡಿ ಆಫ್ ಆಗೋದು ಬಿಟ್ರೆ ಏನೂ ಸಿಗಲ್ಲ.

ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಎಲ್ಲರೂ ಕೇಳ್ತಾರೆ. ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರು ಸರಿ ಮಾಡ್ಕೊಳ್ಳುತ್ತೆ, ಕಾರ್ಬಿಗೆ ಆ ಶಕ್ತಿ ಇಲ್ಲ. ಬರೀ ಪೆಟ್ರೋಲ್ ಒಂದು ಕೆಜಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು, ಹಾಗಾಗಿ ಶೇಕಡ 20 ಎಥನಾಲ್ ಸೇರಿದ ಪೆಟ್ರೋಲಿಗೆ ಸುಮಾರು 13.5. ಅದೇ ಜೆಟ್ಟಲ್ಲಿ ಈ ಪೆಟ್ರೋಲ್ ಬಿಟ್ರೆ ಮಿಕ್ಸ್ಚರ್ ನೂರಕ್ಕೆ ಎಂಟರಷ್ಟು ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ, ಆಗುತ್ತೆ. ಈಗ ಮೇಲೆ ಹೇಳಿದ ಎತ್ತರದ ಲೆಕ್ಕ ಪಕ್ಕದಲ್ಲಿಟ್ಟು ನೋಡಿ, ನಮ್ಮೂರಿನ ಎತ್ತರ ಅದನ್ನ ಐದರಷ್ಟು ರಿಚ್ ಮಾಡುತ್ತೆ! ಎರಡೂ ಒಂದನ್ನೊಂದು ಹೆಚ್ಚುಕಮ್ಮಿ ಹೊಡೆದು ಹಾಕುತ್ತೆ. ಈ ಲೆಕ್ಕ ಹಾಕಿದ ರಾತ್ರಿ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ತಮ್ಮನಿಗೆ ಹತ್ತೂವರೆಗೆ ಫೋನ್ ಮಾಡಿ ಹೇಳಿದೆ. ಬೆಟ್ಟದ ಮೇಲಿನ ನಮ್ಗೆ ಜೆಟ್ ಬದಲಾಯಿಸೋ ಅಗತ್ಯ ಬರ್ಲಿಲ್ಲ. ಆದ್ರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ ಕಡೆ ಹೋದಾಗ ಎಕ್ಸಲೇಟರ್ ಬಿಟ್ರೆ ಸೈಲೆನ್ಸರಲ್ಲಿ ಪಟ್ ಪಟ್ ಅನ್ನುತ್ತೆ, ಎಳೆದಾಗ ಒಂದು ಕ್ಷಣ ತಡೆದು ಹೋಗುತ್ತೆ, ಕೆಳಗೆ ಗಾಳಿ ದಪ್ಪ, ಪೆಟ್ರೋಲು ಕಮ್ಮಿ ಬೀಳುತ್ತೆ. ಕರಾವಳಿಲೇ ಇರೋರು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕೋದನ್ನ ಯೋಚಿಸ್ಬಹುದು. ಪೆಟ್ರೋಲ್ ಪೈಪುಗಳನ್ನಂತೂ ಎಲ್ಲರೂ ಬದಲಾಯಿಸಿ, ನಮ್ಮ ಹಳೇ ಪೈಪು ಹಿಚುಕಿದ್ರೆ ಬೆಂದ ಕೆಸುವಿನ ದಂಟಿನ ಥರ ಮೆತ್ತಗಾಗಿತ್ತು, ಒಳಗಿಂದ ಕಪ್ಪು ಚೂರು ಉದುರ್ತಿತ್ತು, ಅದೆಲ್ಲ ಹೋಗಿ ಕೂರೋದು ಜೆಟ್ಟಲ್ಲೇ.

ಟ್ಯೂನಿಂಗ್ ಸರಿ ಆಯ್ತೋ ಇಲ್ವೋ ಅಂತ ಖಾತ್ರಿ ಮಾಡ್ಕೊಳ್ಳೋಕೆ ಸುಲಭದ ದಾರಿ ಎಮಿಷನ್ ಟೆಸ್ಟ್ ಸೆಂಟರು. ಸರ್ಟಿಫಿಕೇಟ್ ತಗೊಂಡು ಡ್ಯಾಶ್‌ಬೋರ್ಡಲ್ಲಿ ಹಾಕಿ ಮರೆತುಬಿಡ್ತೀವಿ, ಅದರಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಅಂತ ಒಂದು ಸಂಖ್ಯೆ ಇರುತ್ತೆ, ಅದು ಐಡ್ಲಿಂಗಲ್ಲಿ ಕಾರ್ಬು ಎಷ್ಟು ರಿಚ್ ಅಂತ ಸೀದಾ ಹೇಳುತ್ತೆ. ನಮ್ಮಂಥ ಹಳೇ ಪೆಟ್ರೋಲ್ ನಾಲ್ಕು ಚಕ್ರದ ಗಾಡಿಗೆ ಮಿತಿ ಶೇಕಡ 3. ಬಿಚ್ಚೋಕೆ ಮುಂಚೆ ನಮ್ದು 5.8 ಇತ್ತು, ಈಗ 1.9.

ಮಾರನೇ ದಿನ ಬೆಳಿಗ್ಗೆ ಅದೇ ಹೆಂಗಸರನ್ನ ಹತ್ತಿಸ್ಕೊಂಡು ಕಣದಿಂದ ಹೊರಟೆ. ಚಳಿ, ಅರ್ಧ ಚೋಕು. ಎರಡನೇ ತಿರುವಲ್ಲಿ ಬೇಕಂತ್ಲೇ ನಿಲ್ಲಿಸ್ದೆ, ಮೂತಿ ಪೂರ್ತಿ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು. ಇಂಜಿನ್ ಸದ್ದು ಸ್ವಲ್ಪ ಗಡುಸಾಯ್ತು, ಆಫ್ ಆಗ್ಲಿಲ್ಲ. ಐದು ನಿಮಿಷ ನಿಂತೆ, ಪೆಟ್ರೋಲ್ ವಾಸನೆ ಬರ್ಲಿಲ್ಲ. ಹಿಂದಿಂದ ಒಬ್ಬಳು "ಅಕ್ಕಾ, ಇಲ್ಲೇ ಇಳೀಬೇಕಾ?" ಅಂತ ಕೇಳಿದ್ಲು. ಬೇಡ ಕೂತ್ಕೋ ಅಂದೆ.

ಸಂಜೆ ಸಾಬ್ರಿಗೆ ತೋರಿಸೋಕೆ ಹೋದಾಗ ಅವರು ಬಾನೆಟ್ ತೆಗೆಸಿ ಕಿವಿ ಕೊಟ್ಟು ಕೇಳಿದ್ರು, ಏನೂ ಹೇಳ್ಲಿಲ್ಲ, ಬೆಂಚಿಗೆ ಹೋಗಿ ಕೂತು ಮಗನಿಗೆ ಎರಡು ಟೀ ತರೋಕೆ ಕಳ್ಸಿದ್ರು. ಟೀ ಕುಡೀತಾ "ಆ ಸ್ಕ್ರೂ ಮೇಲೆ ಒಂದು ಬಣ್ಣದ ಗೆರೆ ಹಾಕ್ಬಿಡಮ್ಮಾ, ಇನ್ನೊಬ್ಬ ತಿರುಗಿಸಿದ್ರೆ ಗೊತ್ತಾಗ್ಲಿ" ಅಂದ್ರು. ಮನೆಗೆ ಬಂದು ಕೆಂಪು ನೈಲ್ ಪಾಲಿಶಲ್ಲಿ ಸ್ಕ್ರೂ ತಲೆಯಿಂದ ಕಾರ್ಬಿನ ಮೈವರೆಗೆ ಒಂದು ಗೆರೆ ಎಳೆದೆ, ಬಾನೆಟ್ಟಿನ ಒಳಗಡೆ ಮಾರ್ಕರಲ್ಲಿ ತಾರೀಖು ಹಾಕಿ "ಎರಡೂ ಕಾಲು ಸುತ್ತು, ವ್ಯಾಕ್ಯೂಮ್ 16" ಅಂತ ಬರೆದಿಟ್ಟೆ.